ಅಂಗಡಿ ಕಾಣುತ್ತೆ, ದಾರಿ ಇಲ್ಲ

ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಲೇಖನ ಕೇಳಿದರೆ ಸಾಮಾನ್ಯವಾಗಿ ಎಲ್ಲರೂ ಅಮ್ಮನ ಅಡುಗೆ, ರಾಜ್ಯೋತ್ಸವ, ಮೊದಲ ಹಿಮ ಇವುಗಳ ಬಗ್ಗೆ ಬರೀತಾರೆ. ನಮ್ಮೂರಲ್ಲಿ ಹಿಮ ಬೀಳೋದಿಲ್ಲ. ಅರಿಜೋನಾದ ಟೆಂಪಿಯಲ್ಲಿ ಬೀಳೋದು ಬಿಸಿಲು ಮಾತ್ರ. ಹಾಗಾಗಿ ಬಿಸಿಲಲ್ಲಿ ನಡೆದ ಒಂದು ದಾರಿಯ ಬಗ್ಗೆ ಬರೆಯುತ್ತಿದ್ದೇವೆ. ಶುರು ಇಲ್ಲಿಯದಾದರೂ ವಿಷಯ ಬೆಂಗಳೂರಿಗೆ ಹೋಗಿ ನಿಲ್ಲುತ್ತೆ. ಸ್ವಲ್ಪ ತಾಳ್ಮೆಯಿಂದ ಓದಿ.

ನಾವು ನಾಲ್ವರು. ಇಬ್ಬರು ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬ ಇ ಅಂಡ್ ಸಿ. ಇಬ್ಬರು ಬೆಂಗಳೂರಿನವರು, ಒಬ್ಬ ಹಾಸನ, ಒಬ್ಬ ಹುಬ್ಬಳ್ಳಿ. ಮೊದಲ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಹತ್ತಿರದ ಬಾಡಿಗೆ ನಮ್ಮ ಕೈಗೆ ಎಟುಕಲಿಲ್ಲ. ದಕ್ಷಿಣಕ್ಕೆ ಏಳೆಂಟು ಕಿಲೋಮೀಟರ್ ದೂರದ ಒಂದು ಬಡಾವಣೆಯಲ್ಲಿ ಮನೆ ಸಿಕ್ಕಿತು. ಫೋಟೋದಲ್ಲಿ ಚೆನ್ನಾಗಿತ್ತು. ಮ್ಯಾಪ್‌ನಲ್ಲಿ ಇನ್ನೂ ಚೆನ್ನಾಗಿತ್ತು, ಯಾಕೆಂದರೆ ಹಿತ್ತಲಿನ ಹಿಂದೆಯೇ ದೊಡ್ಡದೊಂದು ದಿನಸಿ ಅಂಗಡಿ. ಕಾರಿಲ್ಲದವರಿಗೆ ಇನ್ನೇನು ಬೇಕು ಅಂದುಕೊಂಡು ಅಡ್ವಾನ್ಸ್ ಕಳಿಸಿಬಿಟ್ಟೆವು.

ಆಗಸ್ಟ್‌ನ ಮೊದಲ ಶನಿವಾರ ಹಾಲು, ಮೊಸರು, ಅಕ್ಕಿ ತರಲು ಹೊರಟೆವು. ಹಿತ್ತಲಲ್ಲಿ ನಿಂತರೆ ಅಂಗಡಿಯ ಬೋರ್ಡು ಕಾಣುತ್ತೆ, ಟ್ರಾಲಿಗಳು ಗಡಗಡ ಅನ್ನೋದು ಕೇಳುತ್ತೆ. ನಡುವೆ ಆರಡಿ ಎತ್ತರದ ಸಿಮೆಂಟ್ ಬ್ಲಾಕಿನ ಗೋಡೆ. ಗೋಡೆಗೆ ಬಾಗಿಲಿಲ್ಲ. ಸರಿ, ರಸ್ತೆಯಲ್ಲಿ ಹೋಗೋಣ ಅಂತ ಹೊರಟರೆ ನಮ್ಮ ಬೀದಿ ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಇನ್ನೊಂದು ಬೀದಿಗೆ ಸೇರಿ, ಅದೂ ಬಾಗಿ, ಕೊನೆಗೆ ಬಡಾವಣೆಯ ಒಂದೇ ಒಂದು ಬಾಯಿಯಿಂದ ಆರು ಲೇನಿನ ದೊಡ್ಡ ರಸ್ತೆಗೆ ಬಂತು. ಅಲ್ಲಿಂದ ಗೋಡೆಯ ಪಕ್ಕದಲ್ಲೇ ಸುತ್ತು ಹಾಕಿ ಅಂಗಡಿ ಮುಟ್ಟಿದೆವು. ಕಾಗೆ ಹಾರುವ ದಾರಿ 300 ಮೀಟರ್ ಇರಬಹುದು. ಫೋನು ತೋರಿಸಿದ್ದು 1.8 ಕಿಲೋಮೀಟರ್. ಹೊರಗೆ 43 ಡಿಗ್ರಿ. ಮನೆಗೆ ಬರುವ ಹೊತ್ತಿಗೆ ಹಾಲು ಕಾಯಿಸಿದ ಹಾಗಿತ್ತು. ಹುಬ್ಬಳ್ಳಿಯವನು ಚೀಲ ಕೆಳಗಿಟ್ಟು, "ಏನ್ರಪಾ ಇದು, ಅಂಗಡಿ ಕಾಣಸ್ತದ, ದಾರಿನ ಇಲ್ಲ" ಅಂದ.

ಮುಂದಿನ ವಾರ ಎಂಜಿನಿಯರ್‌ಗಳು ಮಾಡುವಂಥದ್ದೇ ಒಂದು ಉಪಾಯ ಮಾಡಿದೆವು. ಒಬ್ಬ ಅಂಗಡಿಗೆ ಹೋಗೋದು, ಬರುವಾಗ ಗೋಡೆಯ ಆಚೆ ನಿಂತು ಚೀಲ ದಾಟಿಸೋದು, ಈಚೆ ಕುರ್ಚಿ ಮೇಲೆ ನಿಂತವನು ಹಿಡಿದುಕೊಳ್ಳೋದು. ಹಾಲು ಕೂಡಲೇ ಫ್ರಿಜ್ ಸೇರಿತು. ಹಾಲು ತಂದವನು ಅರ್ಧ ಗಂಟೆ ಆದ್ಮೇಲೆ ಬಂದ.

ನಗು ಬಂತು, ನಿಜ. ಆದರೆ ಈ ಊರಲ್ಲಿ ಬಿಸಿಲು ತಮಾಷೆಯಲ್ಲ. 2023ರ ಜುಲೈನಲ್ಲಿ ಪಕ್ಕದ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ಮೀರಿತ್ತು. ಆ ವರ್ಷ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲಿಗೆ ಸಂಬಂಧಿಸಿ 645 ಮಂದಿ ಸತ್ತರೆಂದು ಕೌಂಟಿಯೇ ಲೆಕ್ಕ ಕೊಟ್ಟಿದೆ. ಎಲ್ಲರೂ ದಾರಿಯಲ್ಲಿ ಸತ್ತವರಲ್ಲ, ಅದಕ್ಕೆ ಕಾರಣ ಹಲವು. ಆದರೂ ಇಂಥ ಊರಲ್ಲಿ ಐದು ನಿಮಿಷದ ದಾರಿಯನ್ನು ಇಪ್ಪತ್ತೈದು ನಿಮಿಷ ಮಾಡಿದ್ದು ಸೂರ್ಯ ಅಲ್ಲ, ಯಾರೋ ಕಾಗದದ ಮೇಲೆ ಎಳೆದ ಒಂದು ಗೆರೆ. ನಮ್ಮನ್ನು ಕೆಣಕಿದ್ದು ಇದೇ.

ಗಂಟುಗಳ ಲೆಕ್ಕ

ಊರು ಬೆಳೆಯೋದು ಅಂದರೆ ನಾವು ಜನಸಂಖ್ಯೆ ನೋಡ್ತೀವಿ, ಫ್ಲೈಓವರ್ ನೋಡ್ತೀವಿ, ರಸ್ತೆಯ ಅಗಲ ನೋಡ್ತೀವಿ. ಬೀದಿ ಬೀದಿಗೆ ಹೇಗೆ ಸೇರಿಕೊಂಡಿದೆ ಅಂತ ನೋಡೋದಿಲ್ಲ. ನೋಡೋದು ಸುಲಭ. ಮ್ಯಾಪ್ ತೆರೆದು ಒಂದು ಚೌಕ ಗುರುತು ಮಾಡಿಕೊಳ್ಳಿ. ಅದರೊಳಗೆ ಬೀದಿಗಳು ಸೇರುವ ಪ್ರತಿ ಗಂಟನ್ನೂ ಎಣಿಸಿ. ಗಂಟಿನಿಂದ ನಾಲ್ಕು ದಾರಿ ಹೊರಟರೆ 4, ಮೂರು ಹೊರಟರೆ 3, ಬೀದಿ ಅಲ್ಲೇ ಮುಗಿದರೆ, ಅಂದರೆ ಡೆಡ್ ಎಂಡ್ ಆದರೆ 1. ನಾಲ್ಕುಗಳು ಹೆಚ್ಚಿದ್ದರೆ ಊರು ಹೆಣೆದುಕೊಂಡಿದೆ. ಒಂದುಗಳು ಹೆಚ್ಚಿದ್ದರೆ ಊರು ಹರಿದಿದೆ.

ಇನ್ನೊಂದು ಅಳತೆಯೂ ಇದೆ: ನಡೆಯಬೇಕಾದ ದೂರವನ್ನು ನೇರ ದೂರದಿಂದ ಭಾಗಿಸೋದು. ಚದುರಂಗದ ಮಣೆಯ ಹಾಗಿರುವ ಬೀದಿಗಳಲ್ಲಿ ಎಷ್ಟೇ ಸುತ್ತಿದರೂ ಇದು ಸುಮಾರು 1.4 ದಾಟಲ್ಲ. ಅದು ಎರಡರ ವರ್ಗಮೂಲ, ಪೈಥಾಗೊರಸ್ ಪ್ರಮೇಯ ನೆನಪಿರುವವರು ಲೆಕ್ಕ ಹಾಕಬಹುದು. ನಮ್ಮ ಹಾಲಿನ ದಾರಿಯಲ್ಲಿ ಅದು 6.

ಫೀನಿಕ್ಸ್ ಪ್ರದೇಶದ ವಿಚಿತ್ರ ಏನೆಂದರೆ ವಿಮಾನದಿಂದ ನೋಡಿದರೆ ಇದು ಅಚ್ಚುಕಟ್ಟಾದ ಚದುರಂಗದ ಮಣೆ. 1785ರ ಭೂ ಕಾನೂನಿನಿಂದ ಬಂದ ಅಳತೆಯಂತೆ ಅಮೆರಿಕದ ಪಶ್ಚಿಮ ಭಾಗದ ನೆಲವನ್ನು ಒಂದೊಂದು ಚದರ ಮೈಲಿಯ ತುಂಡುಗಳಾಗಿ ಗೆರೆ ಹಾಕಿದರು. ಆ ಗೆರೆಗಳ ಮೇಲೆಯೇ ಇಲ್ಲಿಯ ದೊಡ್ಡ ರಸ್ತೆಗಳು ಬಂದವು, ಮೈಲಿಗೊಂದು. ಆದರೆ ಪ್ರತಿ ತುಂಡಿನ ಒಳಗೆ ಬಗ್ಗಿ ನೋಡಿದರೆ ಕರುಳಿನ ಹಾಗೆ ಸುತ್ತುವ ಬೀದಿಗಳು, ತುದಿಯಲ್ಲಿ ಕಲ್-ಡಿ-ಸ್ಯಾಕ್, ಸುತ್ತ ಗೋಡೆ. ಹಳೆಯ ಭಾಗ, ಅಂದರೆ ಮಿಲ್ ಅವೆನ್ಯೂ ಸುತ್ತಮುತ್ತ, ಹಾಗಿಲ್ಲ. ಅಲ್ಲಿ ಬೀದಿ ಬೀದಿಗೆ ಸೇರುತ್ತೆ. ಊರು ದೊಡ್ಡದಾದ ಹಾಗೆ ಬೀದಿಗಳ ಕೈ ಬಿಟ್ಟುಹೋಯಿತು.

ಎಷ್ಟು ದೊಡ್ಡದಾಯಿತು ಅಂದರೆ, 1950ರಲ್ಲಿ ಫೀನಿಕ್ಸ್‌ನಲ್ಲಿದ್ದವರು ಸುಮಾರು 1.07 ಲಕ್ಷ ಜನ, ಊರಿನ ವಿಸ್ತೀರ್ಣ 17 ಚದರ ಮೈಲಿ. 2020ರಲ್ಲಿ ಜನ 16 ಲಕ್ಷ, ವಿಸ್ತೀರ್ಣ 500 ಚದರ ಮೈಲಿಗಿಂತ ಜಾಸ್ತಿ. ಜನ ಹದಿನೈದು ಪಟ್ಟು, ನೆಲ ಮೂವತ್ತು ಪಟ್ಟು. ಊರು ಹರಡಿಕೊಳ್ಳೋದು ಅಂದರೆ ಇದೇ. ಆದರೆ ಹರಡಿಕೊಂಡಿದ್ದಷ್ಟೇ ತೊಂದರೆ ಅಲ್ಲ. ಹರಡಿದ ಊರೂ ಹೆಣೆದುಕೊಂಡಿರಬಹುದಿತ್ತು.

ಯಾಕೆ ಹೀಗಾಯಿತು? ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. 1929ರಲ್ಲಿ ನ್ಯೂಜೆರ್ಸಿಯ ರಾಡ್‌ಬರ್ನ್ ಎಂಬಲ್ಲಿ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಎಂಬ ಇಬ್ಬರು ಹೊಸ ಬಗೆಯ ಬಡಾವಣೆ ರೂಪಿಸಿದರು. ಕಾರುಗಳು ಆಗಷ್ಟೇ ಹೆಚ್ಚುತ್ತಿದ್ದವು, ಮಕ್ಕಳು ಬೀದಿಯಲ್ಲಿ ಗಾಡಿಗೆ ಸಿಕ್ಕಿ ಸಾಯುತ್ತಿದ್ದರು. ಅದಕ್ಕೆ ಮನೆಗಳನ್ನು ಡೆಡ್ ಎಂಡ್ ಬೀದಿಗಳ ಸುತ್ತ ಇಟ್ಟು, ಮನೆಗಳ ಇನ್ನೊಂದು ಬದಿಯಲ್ಲಿ ಪಾರ್ಕಿಗೆ ಹೋಗುವ ಕಾಲುದಾರಿ ಮಾಡಿದರು. ದೊಡ್ಡ ರಸ್ತೆ ಬಂದಲ್ಲಿ ಅದರ ಕೆಳಗಿನಿಂದ ದಾಟೋಕೆ ದಾರಿ. ಕಾರಿಗೆ ತಡೆ, ಕಾಲಿಗೆ ದಾರಿ. 1930ರ ದಶಕದಲ್ಲಿ ಮನೆ ಸಾಲಕ್ಕೆ ಖಾತರಿ ಕೊಡುತ್ತಿದ್ದ ಅಮೆರಿಕದ ಸರ್ಕಾರಿ ಸಂಸ್ಥೆಯೂ ಚೌಕಾಕಾರದ ಬೀದಿ ಬೇಡ, ಬಾಗುವ ಬೀದಿ, ಕಲ್-ಡಿ-ಸ್ಯಾಕ್ ಒಳ್ಳೆಯದು ಎಂದು ಕೈಪಿಡಿಗಳಲ್ಲಿ ಬರೆಯಿತು. ಆಮೇಲೆ ಬಂದ ಬಹುತೇಕ ಬಿಲ್ಡರ್‌ಗಳು ರಾಡ್‌ಬರ್ನ್‌ನಿಂದ ಡೆಡ್ ಎಂಡ್ ಇಟ್ಟುಕೊಂಡರು, ಕಾಲುದಾರಿ ಬಿಟ್ಟರು. ಕಾಲುದಾರಿಗೆ ನೆಲ ಬೇಕಲ್ಲ, ನೆಲಕ್ಕೆ ದುಡ್ಡು.

ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಂ ಮಿಲಾರ್ಡ್-ಬಾಲ್ ಎಂಬ ಸಂಶೋಧಕರು 2015ರಲ್ಲಿ ಅಮೆರಿಕದ ಒಂದು ಶತಮಾನದ ಬೀದಿಗಳನ್ನು ನಾವು ಮೇಲೆ ಹೇಳಿದ ಗಂಟಿನ ಲೆಕ್ಕದಂತೆಯೇ ಅಳೆದರು. ಹೊಸ ಬೀದಿಗಳ ಹರಿದಾಟ ಏರುತ್ತಾ ಬಂದು 1994ರ ಸುಮಾರಿಗೆ ತುದಿ ಮುಟ್ಟಿ, ಅಲ್ಲಿಂದ ಇಳಿಯಲು ಶುರುವಾಗಿದೆ ಅನ್ನೋದು ಅವರ ಮಾತು. ಅಂದರೆ ಅಮೆರಿಕ ತನ್ನ ತಪ್ಪನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಳ್ಳುತ್ತಿದೆ. ಅವರೇ 2020ರಲ್ಲಿ ಇಡೀ ಜಗತ್ತನ್ನು ಅಳೆದಾಗ ಕಂಡದ್ದು ಬೇರೆ ಚಿತ್ರ: 1975ರಿಂದ ಈಚೆಗೆ ಜಗತ್ತಿನ ಬಹುಭಾಗದಲ್ಲಿ ಹೊಸ ಬೀದಿಗಳು ಒಂದಕ್ಕೊಂದು ಸೇರೋದು ಕಡಿಮೆಯಾಗುತ್ತಿದೆ. ಅಮೆರಿಕ ಬಿಡುತ್ತಿರುವ ಚಾಳಿಯನ್ನು ಉಳಿದವರು ಹಿಡಿದುಕೊಳ್ಳುತ್ತಿದ್ದಾರೆ.

ಇಷ್ಟು ಓದಿದಾಗ ನಮಗೆ ಬೆಂಗಳೂರು ನೆನಪಾಗದೆ ಇರಲಿಲ್ಲ.

ಕೂಡುರಸ್ತೆಯಿಂದ ಹುಟ್ಟಿದ ಊರು

1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ದೊಡ್ಡಪೇಟೆ, ಚಿಕ್ಕಪೇಟೆ ಸೇರುವ ಜಾಗದಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿಸಿದರು, ಆ ಉಳುಮೆಯ ಗೆರೆಗಳೇ ಬೀದಿಗಳಾದವು ಅಂತ ಪ್ರತೀತಿ. ಕಥೆ ಎಷ್ಟು ನಿಜವೋ, ದೊಡ್ಡಪೇಟೆ ಈಗ ಅವೆನ್ಯೂ ರೋಡ್ ಆಗಿದೆ, ಆ ಕೂಡುರಸ್ತೆ ಇವತ್ತಿಗೂ ಅಲ್ಲೇ ಇದೆ. ನಮ್ಮ ಊರು ಒಂದು ಗೋಡೆಯಿಂದಲೋ ಒಂದು ಕಟ್ಟಡದಿಂದಲೋ ಅಲ್ಲ, ನಾಲ್ಕು ದಾರಿ ಸೇರುವ ಗಂಟಿನಿಂದ ಶುರುವಾಯಿತು ಅಂತ ನಾವು ಹೇಳಿಕೊಂಡು ಬಂದಿದ್ದೇವೆ.

1898ರ ಪ್ಲೇಗಿನ ಆಸುಪಾಸಿನಲ್ಲಿ ಬಂದ ಮಲ್ಲೇಶ್ವರ, ಬಸವನಗುಡಿ ನೋಡಿ. ಮೇನ್, ಕ್ರಾಸ್, ಮೇನ್, ಕ್ರಾಸ್. ಗಾಳಿ ಬೆಳಕು ಬರಲಿ, ರೋಗ ಹರಡದಿರಲಿ ಅಂತ ಎಳೆದ ಗೆರೆಗಳು. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು ಬೇರೆ. ಮಲ್ಲೇಶ್ವರದಲ್ಲಿ ಎಂಟನೇ ಕ್ರಾಸ್ ಜಾಮ್ ಆದರೆ ಆಟೋದವರು ಏನೂ ಕೇಳದೆ ಇನ್ನೊಂದು ಕ್ರಾಸಿಗೆ ತಿರುಗಿಸ್ತಾರೆ. "ಎಲ್ಲಿಂದ ಹೋದ್ರೂ ಒಂದೇ ಬಿಡಿ ಸಾರ್" ಅಂತಾರೆ. ಬೀದಿಗಳ ಬೆಸುಗೆ ಅಂದರೆ ಏನು ಅಂತ ನಮ್ಮ ಪ್ರೊಫೆಸರ್ ಒಂದು ಗಂಟೆ ಹೇಳಿದ್ದನ್ನು ಆ ಒಂದು ವಾಕ್ಯ ಹೇಳುತ್ತೆ. 1948ರಲ್ಲಿ ಶುರುವಾದ ಜಯನಗರದಲ್ಲೂ ಇದೇ ಗುಣ ಇದೆ.

ಆಮೇಲೆ ಊರು ಹರಡಿತು. 1951ರಲ್ಲಿ ಎಂಟು ಲಕ್ಷಕ್ಕೆ ಹತ್ತಿರವಿದ್ದ ಜನಸಂಖ್ಯೆ 2011ರ ಜನಗಣತಿಗೆ 84 ಲಕ್ಷ ಆಯಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿಕೊಂಡು ಪಾಲಿಕೆಯ ವ್ಯಾಪ್ತಿ 226 ಚದರ ಕಿಲೋಮೀಟರ್‌ನಿಂದ 700ರ ಮೇಲೆ ಹೋಯಿತು. ಆ 110 ಹಳ್ಳಿಗಳ ನೆಲದಲ್ಲಿ ಬೀದಿ ಹೇಗೆ ಬಂತು ಅನ್ನೋದೇ ಕಥೆ.

ಹಳ್ಳಿಯ ನೆಲ ಸರ್ವೆ ನಂಬರುಗಳಾಗಿ ಹಂಚಿಹೋಗಿರುತ್ತೆ. ಒಬ್ಬ ಡೆವಲಪರ್ ಎರಡು ಮೂರು ಸರ್ವೆ ನಂಬರ್ ಕೊಂಡು, ಕನ್ವರ್ಷನ್ ಮಾಡಿಸಿ, ಒಳಗೆ ಒಂದಿಷ್ಟು ರಸ್ತೆ ಎಳೆದು ಸೈಟು ಮಾಡ್ತಾನೆ. ಪಕ್ಕದ ಸರ್ವೆ ನಂಬರನ್ನು ಇನ್ನೊಬ್ಬ ಕೊಂಡು ಅದನ್ನೇ ಮಾಡ್ತಾನೆ. ಇಬ್ಬರ ರಸ್ತೆಗಳೂ ಒಂದೇ ಕಾಂಪೌಂಡಿನ ಎರಡು ಬದಿಗೆ ಬಂದು ನಿಲ್ಲುತ್ತವೆ, ನಡುವೆ ಹತ್ತಡಿಯೂ ಇರಲ್ಲ. ಇಬ್ಬರೂ ತಮ್ಮ ಎಲ್ಲ ಗಾಡಿಗಳನ್ನು ಬಿಡೋದು ಅದೇ ಹಳ್ಳಿ ರಸ್ತೆಗೆ. ಅದು ಎತ್ತಿನ ಗಾಡಿಗೂ ದಿನಕ್ಕೆರಡು ಬಸ್ಸಿಗೂ ಸಾಕಾಗುವಂತೆ ಇದ್ದ ರಸ್ತೆ. ಅಲ್ಲಿಂದ ಸರ್ಜಾಪುರ ರಸ್ತೆ, ಅಲ್ಲಿಂದ ಔಟರ್ ರಿಂಗ್ ರೋಡ್. ಕ್ರಾಸ್‌ಗಳೇ ಇಲ್ಲದ ಮೇಲೆ ಮೇನ್ ಒಂದೇ ಎಷ್ಟು ಹೊರಬೇಕು? ನಾವು "ರಸ್ತೆ ಅಗಲ ಮಾಡಿ" ಅಂತೀವಿ. ಅಗಲ ಮಾಡ್ತಾರೆ. ಮತ್ತೆ ತುಂಬುತ್ತೆ.

2022ರ ಸೆಪ್ಟೆಂಬರ್ ಮಳೆಯಲ್ಲಿ ಆ ಭಾಗದ ದುಬಾರಿ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್ ಮೇಲೆ ಕರೆತಂದ ಫೋಟೋ ನೀವೆಲ್ಲ ನೋಡಿರ್ತೀರಿ. ನೀರು ನುಗ್ಗಿದ್ದಕ್ಕೆ ಕಾರಣ ಕೆರೆ, ರಾಜಕಾಲುವೆಗಳಿಗೆ ನಾವು ಮಾಡಿದ್ದು, ಅದು ಬೇರೆಯೇ ಲೇಖನ. ಆದರೆ ಒಂದೇ ಗೇಟು, ಒಂದೇ ದಾರಿ ಇರುವ ಬಡಾವಣೆಯಲ್ಲಿ ಆ ದಾರಿ ಮುಳುಗಿದರೆ ಇನ್ನೊಂದು ದಾರಿ ಇರೋದಿಲ್ಲ. ಆಂಬುಲೆನ್ಸಿಗೂ ಅಷ್ಟೇ, ಅಗ್ನಿಶಾಮಕದವರಿಗೂ ಅಷ್ಟೇ.

ನಾವೇ ಮುಚ್ಚಿದ ಸಂದು

ಇಲ್ಲಿವರೆಗೆ ಬೈದದ್ದೆಲ್ಲ ಬೇರೆಯವರನ್ನು. ಈಗ ನಮ್ಮ ಮನೆಯ ಮಾತು.

ನಮ್ಮಲ್ಲೊಬ್ಬನ ಅಪ್ಪ ಅಮ್ಮ ಸರ್ಜಾಪುರ ರಸ್ತೆಯ ಒಳಗಿನ ಒಂದು ಲೇಔಟ್‌ನಲ್ಲಿ ಇದ್ದಾರೆ. ಅಪ್ಪ ಬ್ಯಾಂಕಿನಿಂದ ನಿವೃತ್ತರಾದಾಗ ಬಂದ ದುಡ್ಡಿನಲ್ಲಿ 30-40 ಸೈಟು ತೆಗೆದು ಕಟ್ಟಿಸಿದ ಮನೆ. ಈಗ ಅವರು ಅಲ್ಲಿಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಲೇಔಟಿನ ಹಿಂದಿನ ಗೋಡೆಯಲ್ಲಿ ಒಂದು ಸಂದು ಇತ್ತು. ಯಾರೋ ನಾಲ್ಕು ಇಟ್ಟಿಗೆ ಕಿತ್ತು ಮಾಡಿದ್ದು. ಅದರ ಆಚೆಗೆ ಹಳ್ಳಿ, ಹಳ್ಳಿಯ ದೇವಸ್ಥಾನ, ಬಸ್ ಸ್ಟಾಪು. ಮನೆಗೆಲಸಕ್ಕೆ ಬರುವ ಹೆಂಗಸರು, ಹೂವು ಮಾರುವವರು, ಶಾಲೆಗೆ ಹೋಗುವ ಒಂದಷ್ಟು ಮಕ್ಕಳು ಆ ಸಂದಿನಲ್ಲಿ ಓಡಾಡುತ್ತಿದ್ದರು. ಹಳ್ಳಿಯ ಹಳೆಯ ನಕಾಶೆಯಲ್ಲಿ ಅದೇ ಜಾಗದಲ್ಲಿ ಬಂಡಿದಾರಿ ಇತ್ತಂತೆ. ಅದು ಲೇಔಟ್ ಬಂದಾಗ ಸೈಟುಗಳ ನಡುವೆ ಕರಗಿಹೋಯಿತು.

ಎರಡು ವರ್ಷದ ಹಿಂದೆ ಲೇಔಟಿನಲ್ಲಿ ಒಂದು ಸ್ಕೂಟರ್ ಕಳುವಾಯಿತು. ಸಂದು ಮುಚ್ಚಬೇಕು ಅಂತ ವಾಟ್ಸಾಪ್ ಗುಂಪಿನಲ್ಲಿ ಮತ ಕೇಳಿದರು. ನಮ್ಮವನು ಆಗಿನ್ನೂ ಅಲ್ಲೇ ಇದ್ದ. ಅವನೂ ಹೆಬ್ಬೆಟ್ಟು ಒತ್ತಿದ. ಗೋಡೆ ಮುಚ್ಚಿತು, ಮೇಲೆ ಗಾಜಿನ ಚೂರೂ ಬಂತು. ಸ್ಕೂಟರ್ ಕದ್ದವನು ಸಂದಿನಿಂದ ಬಂದಿದ್ದನೋ ಮುಂದಿನ ಗೇಟಿನಿಂದಲೋ ಯಾರಿಗೂ ಗೊತ್ತಿಲ್ಲ. ಸ್ಕೂಟರನ್ನು ನಾಲ್ಕು ಇಟ್ಟಿಗೆಯ ಸಂದಿನಲ್ಲಿ ಹೇಗೆ ತೂರಿಸಿದ ಅಂತ ಯಾರೂ ಕೇಳಲಿಲ್ಲ.

ಅವತ್ತಿನಿಂದ ಅವರ ಮನೆಗೆ ಕೆಲಸಕ್ಕೆ ಬರುವವರು ಮುಂದಿನ ಗೇಟಿಗೆ ಸುತ್ತಿ ಬರಬೇಕು. ಎರಡು ಕಿಲೋಮೀಟರ್, ಅದೂ ಫುಟ್‌ಪಾತ್ ಇಲ್ಲದ ರಸ್ತೆಯ ಅಂಚಿನಲ್ಲಿ, ನೀರಿನ ಟ್ಯಾಂಕರ್‌ಗಳ ಪಕ್ಕದಲ್ಲಿ. ಅಮ್ಮನೂ ದೇವಸ್ಥಾನಕ್ಕೆ ಹೋಗೋದು ಬಿಟ್ಟರು. ಮೊದಲು ದಿನಾ ಸಂಜೆ ನಡೆದು ಹೋಗುತ್ತಿದ್ದರು. ಈಗ ಅಪ್ಪ ಕಾರು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ನಮ್ಮ ಹಾಲಿನ ಕಥೆ ಕೇಳಿ ಅಮ್ಮ ನಕ್ಕು ಅಂದರು: "ಅಲ್ಲಿ ನಿಂಗೆ ಅಂಗ್ಡಿ ಕಾಣತ್ತೆ ದಾರಿ ಇಲ್ಲ. ಇಲ್ಲಿ ನಂಗೆ ದೇವಸ್ಥಾನದ ಗಂಟೆ ಕೇಳತ್ತೆ, ದಾರಿ ಇಲ್ಲ. ಆ ಗೋಡೆಗೆ ನೀನೂ ಒಪ್ಪಿದ್ಯಲ್ಲೋ."

ನಮ್ಮವನು ಸುಮ್ಮನಾದ. ನಾವೂ ಸುಮ್ಮನಾದೆವು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಗೋಡೆ ಕಟ್ಟುವವರ ಮಾತಲ್ಲೂ ಹುರುಳಿದೆ

ಗೋಡೆ ಬೇಕು ಅನ್ನುವವರೆಲ್ಲ ದುಷ್ಟರಲ್ಲ. ಬೀದಿ ಆಚೆಗೆ ತೆರೆದುಕೊಂಡರೆ ಮುಖ್ಯ ರಸ್ತೆಯ ಜಾಮ್ ತಪ್ಪಿಸಲು ಕಾರು, ಬೈಕು, ಟೆಂಪೋಗಳೆಲ್ಲ ಒಳಗೆ ನುಗ್ಗುತ್ತವೆ. ಮಕ್ಕಳು ಸೈಕಲ್ ಕಲಿಯೋಕಾಗಲ್ಲ. ರಾತ್ರಿ ಹಾರನ್ನು. ಇದು ನಿಜವಾದ ಭಯ, ರಾಡ್‌ಬರ್ನ್ ಹುಟ್ಟಿದ್ದೂ ಇದೇ ಭಯದಿಂದ. ಚೌಕಾಕಾರದ ಬೀದಿ ಎಲ್ಲಕ್ಕೂ ಮದ್ದಲ್ಲ ಅನ್ನೋದನ್ನೂ ಒಪ್ಪಬೇಕು. ಮಲ್ಲೇಶ್ವರದಲ್ಲೂ ಜಾಮ್ ಆಗುತ್ತೆ, ಅಲ್ಲೂ ಫುಟ್‌ಪಾತ್ ಮೇಲೆ ಬೈಕ್ ನಿಂತಿರುತ್ತೆ.

ಆದರೆ ಕಾರನ್ನು ತಡೆಯೋಕೆ ಮನುಷ್ಯರನ್ನೂ ಯಾಕೆ ತಡೆಯಬೇಕು? ಎರಡನ್ನೂ ಬೇರೆ ಬೇರೆ ಮಾಡಬಹುದು. ಜರ್ಮನಿ, ಡೆನ್ಮಾರ್ಕ್, ಬ್ರಿಟನ್‌ನಲ್ಲಿ ಕಾರಿಗೆ ಡೆಡ್ ಎಂಡ್ ಆದ ಎಷ್ಟೋ ಬೀದಿಗಳ ತುದಿಯಲ್ಲಿ ಕಾಲುದಾರಿ, ಸೈಕಲ್ ದಾರಿ ಮುಂದುವರಿಯುತ್ತೆ. ಹೀಗಾಗಿಯೇ ಅಲ್ಲಿ ಬೀದಿಗಳ ಬೆಸುಗೆ ಅಷ್ಟು ಕೆಟ್ಟಿಲ್ಲ ಅಂತ ಆ 2020ರ ಅಧ್ಯಯನವೂ ಹೇಳುತ್ತೆ. ಅಲ್ಲಿ ಓದುತ್ತಿರುವ ಓದುಗರು ತಮ್ಮ ಕಿಟಕಿಯಿಂದಲೇ ನೋಡಬಹುದು. ನಮ್ಮ ಟೆಂಪಿಯಲ್ಲೇ ಅಪಾಚೆ ಬುಲೆವಾರ್ಡ್ ಮೇಲೆ, ರೈಲು ನಿಲ್ದಾಣದ ಪಕ್ಕದಲ್ಲಿ, 2023ರಿಂದ ಜನ ವಾಸಿಸುತ್ತಿರುವ ಒಂದು ಬಡಾವಣೆ ಇದೆ. ಅಲ್ಲಿ ವಾಸಿಸುವವರು ಕಾರು ಇಟ್ಟುಕೊಳ್ಳುವ ಹಾಗಿಲ್ಲ, ಮನೆಗಳ ನಡುವೆ ನೆರಳಿನ ಗಲ್ಲಿಗಳು ಮಾತ್ರ. ಅದಕ್ಕಿಟ್ಟಿರುವ ಹೆಸರು ಕಲ್-ಡಿ-ಸ್ಯಾಕ್. ಹೆಸರಿಟ್ಟವರಿಗೆ ಒಳ್ಳೆಯ ಹಾಸ್ಯಪ್ರಜ್ಞೆ ಇದೆ.

ಎರಡನೇ ವರ್ಷ ನಾವೂ ಅದೇ ರಸ್ತೆಯ ಹತ್ತಿರ ಬಂದೆವು. ಎರಡು ಬೆಡ್‌ರೂಮಿನಲ್ಲಿ ನಾಲ್ವರು. ಬಾಡಿಗೆ ಜಾಸ್ತಿ, ಜಾಗ ಕಡಿಮೆ. ಆದರೆ ಅಂಗಡಿಗೆ ನಡೆದು ಹೋಗ್ತೀವಿ, ಊರಿನ ಉಚಿತ ಆರ್ಬಿಟ್ ಬಸ್ಸು ಹತ್ತಿರದಲ್ಲೇ ಬರುತ್ತೆ, ಸೆಕೆಂಡ್ ಹ್ಯಾಂಡ್ ಕಾರಿಗೆ ಇಟ್ಟಿದ್ದ ದುಡ್ಡು ಬ್ಯಾಂಕಿನಲ್ಲೇ ಇದೆ. ಬೀದಿ ಹೇಗಿದೆ ಅನ್ನೋದು ತಿಂಗಳ ಖರ್ಚಿನಲ್ಲಿ ಕಾಣುತ್ತೆ ಅಂತ ನಾವು ಕಲಿತದ್ದು ಹೀಗೆ.

ನಾವು ಹೇಳೋದೇನು

ಕಟ್ಟಡ ಕೆಡವಬಹುದು, ಮತ್ತೆ ಕಟ್ಟಬಹುದು. ಬೀದಿಯ ಗೆರೆ ಒಮ್ಮೆ ಬಿದ್ದರೆ ಅದರ ಎರಡೂ ಬದಿಯಲ್ಲಿ ಸೈಟು ಮಾರಾಟವಾಗಿ, ನೂರಾರು ಜನರ ಹೆಸರಿಗೆ ಕ್ರಯಪತ್ರ ಆಗಿರುತ್ತೆ. ಆಮೇಲೆ ಒಂದು ಕ್ರಾಸ್ ಸೇರಿಸಬೇಕಾದರೆ ಯಾರದ್ದೋ ಮನೆ ಒಡೆಯಬೇಕು. ಕೆಂಪೇಗೌಡರ ಕಾಲದ ಕೂಡುರಸ್ತೆ ಐದು ಶತಮಾನ ಹತ್ತಿರವಾದರೂ ಉಳಿದಿದೆ ಅಂದರೆ, ಈಗ ಸರ್ಜಾಪುರದ ಆಚೆ ಬೀಳುತ್ತಿರುವ ಡೆಡ್ ಎಂಡ್‌ಗಳೂ ಅಷ್ಟೇ ಕಾಲ ಉಳಿಯಬಹುದು. ಆದ್ದರಿಂದ ಸರಿ ಮಾಡುವ ಹೊತ್ತು ಒಂದೇ: ಲೇಔಟ್ ಪ್ಲ್ಯಾನ್ ಇನ್ನೂ ಕಾಗದದ ಮೇಲಿರುವಾಗ.

ಆಗ ಕೇಳಬೇಕಾದ ನಿಯಮ ದೊಡ್ಡದೇನಲ್ಲ. ಹೊಸ ಲೇಔಟಿನ ರಸ್ತೆಗಳು ಪಕ್ಕದ ಸರ್ವೆ ನಂಬರಿನ ಗಡಿಯವರೆಗೂ ಹೋಗಿ ನಿಲ್ಲಬೇಕು, ನಾಳೆ ಅಲ್ಲಿ ಲೇಔಟ್ ಬಂದರೆ ಎರಡೂ ಸೇರಬೇಕು. ಎಲ್ಲಿ ಕಾರಿನ ರಸ್ತೆ ಸೇರಿಸೋಕೆ ಆಗಲ್ಲವೋ ಅಲ್ಲಿ ಕಾಲುದಾರಿಯಾದರೂ ಇರಬೇಕು. ನಕಾಶೆಯಲ್ಲಿರುವ ಬಂಡಿದಾರಿಗೆ ಕೈ ಹಚ್ಚಬಾರದು. ಅಮೆರಿಕದ ವರ್ಜೀನಿಯಾ ರಾಜ್ಯ 2009ರಲ್ಲಿ ಇಂಥದ್ದನ್ನೇ ಮಾಡಿತು: ಹೊಸ ಬಡಾವಣೆಯ ಬೀದಿಗಳು ಅಕ್ಕಪಕ್ಕಕ್ಕೆ ಸೇರದಿದ್ದರೆ ಅವುಗಳ ನಿರ್ವಹಣೆಯನ್ನು ಸರ್ಕಾರ ವಹಿಸಿಕೊಳ್ಳೋದಿಲ್ಲ. ರಿಪೇರಿಯ ಖರ್ಚು ತಲೆ ಮೇಲೆ ಬರುತ್ತೆ ಅಂದರೆ ಬಿಲ್ಡರ್‌ಗಳಿಗೂ ಗೆರೆ ನೇರ ಎಳೆಯೋದು ನೆನಪಾಗುತ್ತೆ. ನಮ್ಮಲ್ಲೂ ಅನುಮೋದಿತ ಲೇಔಟಿನ ರಸ್ತೆಗಳನ್ನು ರಿಲಿಂಕ್ವಿಷ್‌ಮೆಂಟ್ ಡೀಡ್ ಮಾಡಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು ಅನ್ನೋ ನಿಯಮ ಇದೆ. ಅಂದರೆ ಆ ರಸ್ತೆ ಸಾರ್ವಜನಿಕರದ್ದು. ಅದಕ್ಕೆ ಗೇಟು ಹಾಕಿ ವಾಚ್‌ಮನ್ ಕೂರಿಸಿ "ಯಾರ ಮನೆಗೆ?" ಅಂತ ಕೇಳಿಸೋದು ನಮ್ಮ ಅಭ್ಯಾಸ, ಹಕ್ಕಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆ ಬಂದಿವೆ. ಹೊಸ ಬೋರ್ಡು ಬರೆಸುವ ಈ ಹೊತ್ತಿನಲ್ಲಿ ಇದನ್ನೂ ಕೇಳೋಣ.

ಇನ್ನು ನಮ್ಮ ಪಾಲಿನದ್ದು. ಇನ್ನೈದು ವರ್ಷದಲ್ಲಿ ನಮ್ಮಲ್ಲಿ ಎಷ್ಟೋ ಜನ ಇಲ್ಲಿ ಉಳಿಸಿದ ಡಾಲರನ್ನೋ ಯೂರೋವನ್ನೋ ದಿರ್ಹಮನ್ನೋ ಊರಿಗೆ ಕಳಿಸಿ ಒಂದು ಸೈಟು, ಒಂದು ಫ್ಲ್ಯಾಟು ಕೊಳ್ತೀವಿ. ಅಪ್ಪ ಅಮ್ಮ ಅಲ್ಲಿ ಇರ್ತಾರೆ. ಬಿಲ್ಡರ್ ಕಳಿಸುವ ಪುಸ್ತಕದಲ್ಲಿ ಈಜುಕೊಳ, ಕ್ಲಬ್‌ಹೌಸ್, ಮೂರು ಹಂತದ ಸೆಕ್ಯುರಿಟಿ ಇರುತ್ತೆ. ನಾವು ಅದನ್ನೇ ಕೇಳೋದರಿಂದ ಅವರು ಅದನ್ನೇ ಮಾರ್ತಾರೆ. ಮುಂದಿನ ಸಲ ಇನ್ನೂ ಮೂರು ಪ್ರಶ್ನೆ ಕೇಳಿ. ಗೇಟುಗಳು ಎಷ್ಟು? ಹಿಂದಿನ ಗೋಡೆಯ ಆಚೆ ಏನಿದೆ, ಅಲ್ಲಿಗೆ ಅಮ್ಮ ನಡೆದು ಹೋಗೋಕೆ ಎಷ್ಟು ನಿಮಿಷ? ಗ್ರಾಮ ನಕಾಶೆಯಲ್ಲಿದ್ದ ದಾರಿ ಎಲ್ಲಿ ಹೋಯಿತು? ಉತ್ತರ ಸರಿಯಿಲ್ಲದಿದ್ದರೆ ಕೊಳ್ಳಬೇಡಿ ಅಂತ ಹೇಳುವಷ್ಟು ದೊಡ್ಡವರಲ್ಲ ನಾವು. ಕೇಳಿದ್ದಾರೆ ಅಂತ ಬಿಲ್ಡರಿಗೆ ಗೊತ್ತಾಗಲಿ, ಅಷ್ಟು ಸಾಕು.

ಹೋದ ಭಾನುವಾರ ನಮ್ಮವನು ಮನೆಗೆ ಫೋನ್ ಮಾಡಿದ. ನಾವು ಮೂವರು ಪಕ್ಕದಲ್ಲೇ ಕೂತಿದ್ದೆವು.

"ಅಪ್ಪಾ, ಹಿಂದಿನ ಗೋಡೇಲಿ ಒಂದು ಸಣ್ಣ ಗೇಟ್ ಇಡ್ಸೋಕಾಗಲ್ವಾ? ಬೆಳಿಗ್ಗೆ ಆರಕ್ಕೆ ತೆಗೆದು ರಾತ್ರಿ ಒಂಬತ್ತಕ್ಕೆ ಬೀಗ ಹಾಕೋ ಥರ. ಮನುಷ್ಯರು ಮಾತ್ರ ದಾಟೋ ಅಷ್ಟು ಅಗಲ."

"ಆವತ್ತು ಮುಚ್ಚಿ ಅಂದೋನೂ ನೀನೇ."

"ಹೌದಪ್ಪಾ. ನೀವು ಮೀಟಿಂಗ್‌ನಲ್ಲಿ ಅದನ್ನೂ ಹೇಳಿ. ಮುಚ್ಚಿ ಅಂದೋನೇ ಈಗ ತೆಗೀರಿ ಅಂತಿದಾನೆ ಅಂತ."

ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಎತ್ತುತೀನಿ. ಒಪ್ತಾರೋ ಇಲ್ವೋ ಹೇಳಕ್ಕಾಗಲ್ಲ. ಖರ್ಚೆಷ್ಟು ಅಂತ ಮೊದ್ಲು ಕೇಳ್ತಾರೆ" ಅಂದರು.

ಖರ್ಚು ನಾವು ನಾಲ್ವರೂ ಹಾಕಿಕೊಳ್ತೀವಿ ಅಂತ ಹೇಳಿದ್ದೇವೆ. ಮೀಟಿಂಗ್ ಮುಂದಿನ ತಿಂಗಳು.